ಹುಳುಮನೆಯ ಬಾಗಿಲಲ್ಲಿ ಬ್ರೂನೋ

ಕುದೂರಿನ ಪರಮಶಿವಯ್ಯನ ಮನೆಗೆ ಸೊಸೆ ಬಂದಿದ್ದು ಬಾಡಿಗೆ ಟೆಂಪೋದಲ್ಲಿ, ನಾಯಿ ಬಂದಿದ್ದು ಇನೋವಾ ಕಾರಿನಲ್ಲಿ. ಸೊಸೆಯನ್ನು ಕರೆತಂದ ದಿನ ಹಿರಿಮಗ ಉದಯಶಂಕರ್ ಡ್ರೈವರ್ ಪಕ್ಕ ಕೂತು ಬಾಯಿ ಬಿಟ್ಟುಕೊಂಡು ನಿದ್ದೆ ಹೊಡೆದಿದ್ದನಂತೆ. ನಾಯಿ ತಂದ ದಿನ ಹಾಗಲ್ಲ. ಹಿಂದಿನ ಸೀಟಿನಲ್ಲಿ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಪ್ಯಾಂಟೆಲ್ಲ ಜೊಲ್ಲು ಮಾಡಿಕೊಂಡು, ಎಲೆಕ್ಷನ್ ಗೆದ್ದವನ ಹಾಗೆ ಕೈ ಬೀಸುತ್ತ ಇಳಿದ. ಬೀದಿಯಲ್ಲಿ ಆ ಕೈಯನ್ನು ನೋಡುವುದಕ್ಕೆ ಇದ್ದದ್ದು ಎರಡು ಮೇಕೆ, ಪಕ್ಕದ ಮನೆಯ ಅಮೀರುನ್ನೀಸಾ, ಅಷ್ಟೇ.

“ಇದೇನಪ್ಪಾ ಉದಯಾ, ಕರ ತಂದ್ಯಾ?” ಅಂದಳು ಅಮೀರುನ್ನೀಸಾ.

“ನಾಯಿ ಕಣಮ್ಮ. ಸೇಂಟ್ ಬರ್ನಾರ್ಡ್. ಹಿಮ ಬೀಳೋ ದೇಶದ್ದು.”

“ಹಂಗಾರೆ ಈ ಬಿಸಿಲಿಗ್ಯಾಕೆ ಬಂತು ಪಾಪ, ಏನು ತಪ್ಪು ಮಾಡಿತ್ತು?”

ತಮ್ಮ ರುದ್ರಪ್ರಸಾದ್ ಆಗ ಹಿತ್ತಿಲಿನ ಹುಳುಮನೆಯ ಗೋಡೆಗೆ ಸುಣ್ಣ ಬಳಿಯುತ್ತಿದ್ದ. ಒಂಬತ್ತನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದು ಬಂದವನು ಅವನು. ಆ ಮನೆಯಲ್ಲಿ ಅವನದು ಅಂತ ಹೇಳಿಕೊಳ್ಳುವುದಕ್ಕೆ ಇದ್ದದ್ದು ರೇಷ್ಮೆ ಹುಳು ಸಾಕುವ ಆ ಒಂದು ಕೋಣೆ. ಇಟ್ಟಿಗೆ ಹೊತ್ತದ್ದು ಅವನು, ಮೇಲೆ ತೆಂಗಿನ ಗರಿ ಹೊದಿಸಿದ್ದು ಅವನು, ಕಿಟಕಿಗೆ ನೊಣದ ಬಲೆ ಹೊಡೆದದ್ದು ಅವನು. ಬೇಸಿಗೆಯಲ್ಲಿ ಊರೆಲ್ಲ ಕಾದ ಹೆಂಚಾಗಿದ್ದರೂ ಹುಳುಮನೆಯೊಳಗೆ ಮಾತ್ರ ಮಡಕೆಯ ನೀರಿನ ತಂಪು. ಸುತ್ತ ಒದ್ದೆ ಗೋಣಿತಾಟು ಇಳಿಬಿಟ್ಟು, ದಿನಕ್ಕೆ ಮೂರು ಸಲ ನೆಲಕ್ಕೆ ನೀರು ಚಿಮುಕಿಸಿ ಅವನು ಹಾಗೆ ಕಾಪಾಡುತ್ತಿದ್ದ. ಮನುಷ್ಯರು ಬೆವೆತರೆ ಬೆವರಲಿ, ಹುಳು ಬೆವರಬಾರದು.

ಇನೋವಾದಿಂದ ಇಳಿದ ನಾಯಿ ಯಾರ ಕಡೆಗೂ ನೋಡಲಿಲ್ಲ. ನಾಲಿಗೆಯನ್ನು ಒಂದು ಮೊಳ ಇಳಿಬಿಟ್ಟುಕೊಂಡು ನಡುಮನೆ ದಾಟಿತು, ಅಡುಗೆಮನೆ ದಾಟಿತು, ಹಿತ್ತಿಲಿಗೆ ಬಂತು, ಹುಳುಮನೆಯ ಒದ್ದೆ ಹೊಸ್ತಿಲಿನ ಮೇಲೆ ದೊಪ್ಪನೆ ಬಿದ್ದುಕೊಂಡಿತು. ಸುಣ್ಣದ ಬಕೆಟ್ಟು ಉರುಳಿ ರುದ್ರನ ಕಾಲೆಲ್ಲ ಬೆಳ್ಳಗಾಯಿತು.

“ನೋಡ್ದಾ!” ಅಂದ ಹಿಂದೆಯೇ ಬಂದ ಉದಯಶಂಕರ್. “ಒಳ್ಳೆ ಜಾತಿ ನಾಯಿ ಅಂದ್ರೆ ಇದು. ಮನೇಲಿ ಯಾವುದು ಒಳ್ಳೆ ಜಾಗ ಅಂತ ಅದಕ್ಕೇ ಗೊತ್ತಾಗೋಯ್ತು.”

“ನಾಳಿದ್ದು ಚಾಕಿ ಬತ್ತದೆ, ಎಳೇ ಹುಳ, ಎಬ್ಬಿಸ್ಲಾ ಅದನ್ನ ಇಲ್ಲಿಂದ.”

“ಯಾರ್ಗೆ ‘ಲಾ’ ಅಂತೀಯ? ಅಣ್ಣ ನಾನು.”

“ಅಣ್ಣ, ಎಬ್ಬಿಸ್ಲಾ.”

ಉದಯಶಂಕರನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಸಿಮೆಂಟು ಅಂಗಡಿ. ಹೆಸರಿಗೆ ಸಿಮೆಂಟು, ಕಸುಬು ಬೇರೆ. ಬೆಂಗಳೂರಿನವರು ಕಾರಿನಲ್ಲಿ ಬಂದರೆ ತಿಪ್ಪಸಂದ್ರದ ಕಡೆ ಜಮೀನು ತೋರಿಸುವುದು, ಬಿಸಿಲಲ್ಲಿ ಅವರಿಗೆ ಕೊಡೆ ಹಿಡಿಯುವುದು. ಹಾಗೆ ಫಾರ್ಮ್‌ಹೌಸ್ ಕಟ್ಟಿಸಿಕೊಂಡ ಸಾಹುಕಾರನೊಬ್ಬನ ನಾಯಿ ಇದು. ಆ ಮನುಷ್ಯನಿಗೆ ಹೆಸರು ಇದ್ದೇ ಇತ್ತು. ಈ ಮನೆಯಲ್ಲಿ ಮಾತ್ರ ಬರೀ ‘ಸಾರ್’. ಸಾರ್ ಹೇಳಿದ್ದು ಇಷ್ಟು: ಯುಗಾದಿವರೆಗೂ ಇಟ್ಕೊಂಡು ನೋಡಿ, ನಿಮ್ಮ ಮನೆಗೆ ಹೊಂದಿಕೊಂಡರೆ ನಿಮ್ಮದೇ. ಹೊಂದದಿದ್ದರೆ ಏನು ಅಂತ ಸಾರೂ ಹೇಳಲಿಲ್ಲ, ಉದಯಶಂಕರನೂ ಕೇಳಲಿಲ್ಲ. ದೊಡ್ಡವರನ್ನು ಅಂಥದ್ದೆಲ್ಲ ಕೇಳುವುದು ಮರ್ಯಾದೆಯಲ್ಲ.

ಆ ಸಂಜೆ ಉದಯಶಂಕರ್ ಜಗಲಿಯ ಮೇಲೆ ಅಪ್ಪನ ಮುಂದೆ ಕೂತು ವಿಷಯ ಎತ್ತಿದ. “ಅಪ್ಪಾಜಿ, ಇದಕ್ಕೆ ತಂಪು ಬೇಕು. ಹುಳುಮನೆ ಹೆಂಗೂ ತಂಪಾಗೈತೆ. ಹುಳು ಸಾಕಿ ಈ ಕಾಲದಲ್ಲಿ ಉದ್ಧಾರ ಆದೋರು ಯಾರು? ಅದನ್ನ ಬ್ರೂನೋಗೆ ಬುಟ್ಕೊಟ್ರೆ…”

“ನಿನ್ ರೂಮಲ್ಲಿ ಏಸಿ ಐತಲ್ಲ, ಅಲ್ಲಿ ಮಲಗಿಸ್ಕೊ” ಅಂದ ರುದ್ರ.

“ಅದು ಮಲಗೋ ರೂಮು ಕಣ್ಲಾ! ಕೂದ್ಲು ಉದುರ್ತದೆ!”

ಪರಮಶಿವಯ್ಯ ವಿಭೂತಿ ಗಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಡುತ್ತಿದ್ದ. ಹಿರಿಮಗನ ಮಾತನ್ನು ತಳ್ಳಿಹಾಕುವ ಎದೆ ಅವನಿಗಿರಲಿಲ್ಲ, ಕಿರಿಮಗನ ಮಾತನ್ನು ಒಪ್ಪುವ ಅಭ್ಯಾಸವೂ ಇರಲಿಲ್ಲ. ಹಾಗಾಗಿ ಅವನು ಯಾವಾಗಲೂ ಮಾಡುವುದನ್ನೇ ಮಾಡಿದ. “ಈ ಬೆಳೆ ಮುಗೀಲಿ. ಗೂಡು ಚೆನ್ನಾಗಿ ಬಂತೋ, ಹುಳುಮನೆ ಅವನದು, ಇನ್ಯಾರೂ ಬಾಯಿ ತೆಗೀಬಾರದು. ಕೆಟ್ಟೋಯ್ತೋ, ನಾಯಿಗೆ ಬುಟ್ಬುಡಿ. ಯುಗಾದಿಗೆ ತೀರ್ಮಾನ.”

ಇದು ತೀರ್ಮಾನವಂತೆ. ರುದ್ರ ಎದ್ದು ಹಿತ್ತಿಲಿಗೆ ಹೋದ. ನಾಯಿ ಇನ್ನೂ ಹೊಸ್ತಿಲ ಮೇಲೇ ಇತ್ತು. ಅವನು ಅದರ ಹಿಂಗಾಲು ಹಿಡಿದು ಎಳೆದ. ಅದು ಕಣ್ಣು ತೆರೆದು, ಇವನು ಏನೋ ಸೇವೆ ಮಾಡುತ್ತಿದ್ದಾನೆ ಅಂದುಕೊಂಡು, ಬಾಲ ಒಂದು ಸಲ ಬಡಿದು ಮತ್ತೆ ಮಲಗಿತು.

*

ಇವರ ಮನೆಯಲ್ಲಿ ಮೊಟ್ಟೆಯ ಸಿಪ್ಪೆಯೂ ಹೊಸ್ತಿಲು ದಾಟಿದ್ದಿಲ್ಲ. ಲಿಂಗಧಾರಣೆ ಆದ ಮನೆ. ಹೀಗಿರುವಾಗ ಹಸುವಿನ ಗಾತ್ರದ, ಮಾಂಸ ತಿನ್ನುವ ಪ್ರಾಣಿಯನ್ನು ತಂದು ನಿಲ್ಲಿಸಿದ ಮೇಲೆ ಅದಕ್ಕೆ ಏನು ಹಾಕುವುದು ಅಂತ ಯೋಚಿಸಿದ್ದು ತಂದವನಲ್ಲ, ಅವನ ತಾಯಿ ದ್ರಾಕ್ಷಾಯಿಣಿ.

“ಏನ್ಲಾ ತಿಂತದೆ ಇದು?”

“ಸಾರ್ ಮನೇಲಿ ಚಿಕನ್ ಹಾಕ್ತಿದ್ರಂತೆ” ಅಂದ ಉದಯಶಂಕರ್ ಧ್ವನಿ ತಗ್ಗಿಸಿ.

ಒಳಗಿನಿಂದ ಪರಮಶಿವಯ್ಯ ಗುಡುಗಿದ. “ಈ ಮನೆಗೆ ಬಂದ ಮೇಲೆ ಅದೂ ಶಿವಭಕ್ತನೇ! ಮುದ್ದೆ ಹಾಕು.”

ಗುಡುಗಿದ್ದಷ್ಟೇ ಅಲ್ಲ, ಬೆಳಿಗ್ಗೆ ಪೂಜೆ ಮುಗಿಸಿ ಬಂದು ನಾಯಿಯ ಅಗಲ ಹಣೆಗೆ ಮೂರು ಬೆರಳು ವಿಭೂತಿ ಎಳೆದ. ಅದು ಅವನ ಕೈ ನೆಕ್ಕಿತು. ಭಕ್ತಿ ಅಂತ ಅವನು ತಿಳಿದ. ಕೈಯಲ್ಲಿ ಬಾಳೆಹಣ್ಣಿನ ಪ್ರಸಾದ ಇತ್ತು.

ಅಂದಿನಿಂದ ದ್ರಾಕ್ಷಾಯಿಣಿಗೆ ಒಲೆಯ ಮುಂದಿನಿಂದ ಏಳುವುದೇ ಆಗಲಿಲ್ಲ. ಮನೆಯವರಿಗೆಲ್ಲ ಸೇರಿ ಹಾಕುತ್ತಿದ್ದಷ್ಟೇ ರಾಗಿಹಿಟ್ಟು ಈಗ ನಾಯಿಯೊಂದಕ್ಕೇ. ಬೆಳಿಗ್ಗೆ ಮುದ್ದೆ, ಮಧ್ಯಾಹ್ನ ಮೊಸರನ್ನ, ಸಂಜೆ ಮತ್ತೆ ಮುದ್ದೆ. ನೆಂಟರು ಬಂದಾಗ ಮಾತ್ರ ಅಟ್ಟದಿಂದ ಇಳಿಸುತ್ತಿದ್ದ ದೊಡ್ಡ ತಪ್ಪಲೆ ಈಗ ಕೆಳಗೇ ಬಿದ್ದಿತ್ತು. “ಬೂರಣ್ಣ, ಬಾರಪ್ಪ, ಉಣ್ಣು” ಅಂತ ಅವಳು ಕರೆದರೆ ಅದು ಬಂದು ತಪ್ಪಲೆಯಲ್ಲಿ ತಲೆ ಮುಳುಗಿಸುತ್ತಿತ್ತು, ತಿಂದಾದ ಮೇಲೆ ಒಂದು ಸಲ ತಲೆ ಕೊಡವುತ್ತಿತ್ತು. ಅಷ್ಟೇ ಸಾಕು. ಜೊಲ್ಲು ಬೆರೆತ ಮೊಸರು ಗೋಡೆಗೆ, ಕ್ಯಾಲೆಂಡರಿಗೆ, ಒಂದು ದಿನ ನೇರ ಟೀವಿಯಲ್ಲಿ ಸುದ್ದಿ ಓದುತ್ತಿದ್ದವಳ ಮುಖಕ್ಕೆ.

ಗೋಡೆ ಒರೆಸುವುದು ಸೊಸೆ ಯಶೋಧಾಳ ಪಾಲಿಗೆ. ಅಂಗಳದ್ದು ಎತ್ತುವುದೂ ಅವಳದೇ.

“ಎಮ್ಮೆಗಾರೂ ಹಾಕಿದ್ರೆ ಬೆರಣಿ ತಟ್ಟಬಹುದಾಗಿತ್ತು” ಅಂದಳು ಒಂದು ಬೆಳಿಗ್ಗೆ, ಮೂಗಿಗೆ ಸೆರಗು ಕಟ್ಟಿಕೊಂಡು, ಮಂಕರಿ ಹಿಡಿದು. “ಇದನ್ನೇನು ಮಾಡ್ಲಿ, ನಿಮ್ಮ ಸಾರ್‌ಗೆ ಪಾರ್ಸಲ್ ಕಳಿಸ್ಲಾ?”

ಉದಯಶಂಕರ್ ಕನ್ನಡಿಯ ಮುಂದೆ ಮೀಸೆ ತೀಡುತ್ತಿದ್ದ. “ನಿಂಗೆ ಸ್ಟೇಟಸ್ ಅಂದ್ರೇನು ಗೊತ್ತಿಲ್ಲ ಬುಡು. ಮಾಗಡಿಯಿಂದ ಜನ ನೋಡಕ್ಕೆ ಬತ್ತಾ ಅವ್ರೆ.”

“ಬಂದೋರು ಒಬ್ಬರಾದ್ರೂ ಎತ್ತಿದ್ರಾ?”

ಜನ ಬರುತ್ತಿದ್ದದ್ದು ನಿಜ. ಬಂದವರು ಪಕ್ಕದಲ್ಲಿ ನಿಂತು ಫೋಟೋ ಹೊಡೆಸಿಕೊಂಡು, ಕಾಫಿ ಕುಡಿದು, ‘ಎಷ್ಟು ಬಿತ್ತು ಸ್ವಾಮಿ’ ಅಂತ ಕೇಳಿ ಹೋಗುತ್ತಿದ್ದರು. ಕಾಫಿ ಮಾಡುವುದೂ ಯಶೋಧಾ. ಉದಯಶಂಕರನ ಪಾಲಿಗೆ ಬಂದ ಕೆಲಸ ಒಂದೇ, ನಾಯಿಯ ಮೇಲೆ ಕೈಯಿಟ್ಟುಕೊಂಡು ನಿಲ್ಲುವುದು.

ಒಂದೇ ಒಂದು ದಿನ ಅವನು ಅದನ್ನು ಸ್ವತಃ ವಾಕಿಂಗ್ ಕರೆದೊಯ್ದ. ಬಿಳಿ ಶೂ, ಕರಿ ಕನ್ನಡಕ. ಬಸ್‌ಸ್ಟ್ಯಾಂಡಿನವರೆಗೂ ಯಾರು ಯಾರನ್ನು ಎಳೆದರೋ, ಅಂತೂ ಹೋದರು. ಹೋಟೆಲಿನ ಮುಂದೆ ಪಾತ್ರೆ ತೊಳೆದ ನೀರು ನಿಂತ ಗುಂಡಿಯಿತ್ತು. ಬಿಸಿಲಿಗೆ ಬಸವಳಿದಿದ್ದ ನಾಯಿ ಅದನ್ನು ನೋಡಿದ್ದೇ ತಡ, ಹೋಗಿ ಅದರಲ್ಲಿ ಪವಡಿಸಿತು. ಎಳೆದರೂ ಏಳಲಿಲ್ಲ, ಬಿಸ್ಕತ್ತಿಗೂ ಏಳಲಿಲ್ಲ. ತುಮಕೂರು ಬಸ್ಸು ಹಾರ್ನ್ ಹೊಡೆದೇ ಹೊಡೆಯಿತು. ಕಂಡಕ್ಟರ್ ತಲೆ ಹೊರಗೆ ಹಾಕಿ, “ಸ್ವಾಮಿ, ಟಿಕೆಟ್ ತಗೊಂಡೈತಾ?” ಅಂದ. ಊರು ಬಿದ್ದು ಬಿದ್ದು ನಕ್ಕಿತು. ಕೊನೆಗೆ ರುದ್ರ ಸೈಕಲ್ಲಿನಲ್ಲಿ ಬರಬೇಕಾಯಿತು. ಅವನು ಮಾಡಿದ್ದು ಇಷ್ಟೇ: ಹೆಗಲ ಮೇಲಿದ್ದ ಒದ್ದೆ ಗೋಣಿತಾಟನ್ನು ನಾಯಿಯ ಬೆನ್ನ ಮೇಲೆ ಹೊದಿಸಿದ. ಅದು ಎದ್ದು ಅವನ ಹಿಂದೆ ನಡೆಯಿತು. ಅಣ್ಣ ಅವರಿಬ್ಬರಿಗೂ ಗುರುತಿಲ್ಲದವನ ಹಾಗೆ, ಎಷ್ಟೋ ದೂರ ಹಿಂದೆ, ಮೊಬೈಲು ನೋಡುತ್ತ ಬಂದ. ಬಿಳಿ ಶೂ ಅಂದಿನಿಂದ ಬಿಳಿಯಲ್ಲ.

ಯಶೋಧಾಳ ಮಗಳು ಸ್ಪಂದನಾ ಆರನೇ ಕ್ಲಾಸು. ನಾಯಿ ಸೊರಗುತ್ತಿದೆ ಅನ್ನುವುದು ಮೊದಲು ಗೊತ್ತಾಗಿದ್ದು ಅವಳಿಗೆ. ಮುದ್ದೆ ತಿಂದು ಹೊಟ್ಟೆ ಮಾತ್ರ ಉಬ್ಬಿ, ಬೆನ್ನ ಮೂಳೆ ಕೈಗೆ ಸಿಗುತ್ತಿತ್ತು. ಅವಳು ಹೋಗಿ ಅಮೀರುನ್ನೀಸಾಳ ಹತ್ತಿರ ಹೇಳಿದಳು. ಅಮೀರುನ್ನೀಸಾ ದಿನಾ ಸಂಜೆ ತನ್ನ ಹಿತ್ತಿಲಲ್ಲಿ ಮೊಟ್ಟೆ ಬೇಯಿಸಿ, ಬಿಡಿಸಿ, ಕಾಂಪೌಂಡಿನ ಮೇಲಿಂದ ನಾಯಿಯ ಬಾಯಿಗೇ ಇಡತೊಡಗಿದಳು. ಸಿಪ್ಪೆ ಅವಳ ಕಡೆಯೇ ಉಳಿಯಿತು, ಇವರ ಹೊಸ್ತಿಲಿಗೆ ಏನೂ ಆಗಲಿಲ್ಲ. ದ್ರಾಕ್ಷಾಯಿಣಿ ಕಂಡರೂ ಕಾಣದವಳ ಹಾಗೆ ಒಣಹಾಕಿದ ಸೀರೆ ಮಡಚುತ್ತಿದ್ದಳು.

“ತಾತ, ಬ್ರೂನೋ ದಪ್ಪ ಆಯ್ತಾ ಐತೆ ಅಲ್ವಾ?” ಅಂತ ಸ್ಪಂದನಾ ಕೇಳಿದರೆ, ಪರಮಶಿವಯ್ಯ ಮೀಸೆಯಡಿ ನಗುತ್ತ, “ರಾಗಿಯ ಗುಣ ಅದು. ಮಾಂಸ ತಿಂದು ಮೈಗಳ್ಳ ಆಗಿತ್ತು, ಈಗ ನೋಡು” ಅನ್ನುತ್ತಿದ್ದ.

*

ಹುಳು ಈ ಸಲ ಚಿನ್ನದ ಹಾಗೆ ಎದ್ದಿದ್ದವು. ಒಂದೊಂದೇ ಜ್ವರ ಕಳೆದು, ಅಂದರೆ ಮೇವು ಬಿಟ್ಟು ತಲೆಯೆತ್ತಿ ಕೂತು ಪೊರೆ ಬಿಟ್ಟು, ನಾಲ್ಕನೇ ಜ್ವರವನ್ನೂ ಗೆದ್ದು, ಈಗ ಕಿರುಬೆರಳಿನ ಗಾತ್ರ. ಇನ್ನು ಒಂದು ವಾರ ಸೊಪ್ಪು ತಿಂದರೆ ಹಣ್ಣಾಗಿ ಗೂಡು ಕಟ್ಟುವುದೇ. ಹುಳುಮನೆಯ ಹೊರಗೆ ನಿಂತರೂ ಅವು ಮೇಯುವ ಸದ್ದು ಕೇಳುತ್ತಿತ್ತು, ತೆಂಗಿನ ಗರಿಯ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ರುದ್ರ ಊಟಕ್ಕೂ ಒಳಗೆ ಬರುತ್ತಿರಲಿಲ್ಲ, ದ್ರಾಕ್ಷಾಯಿಣಿ ತಟ್ಟೆಯನ್ನು ಅಲ್ಲಿಗೇ ತರುತ್ತಿದ್ದಳು. ನಾಯಿ ಹೊಸ್ತಿಲಲ್ಲಿ, ಇವನು ಒಳಗೆ. ಒಳಗೆ ಕಾಲಿಡಬಾರದು ಅಂತ ಎರಡು ಸಲ ಹೇಳಿದ ಮೇಲೆ ಅದು ಮೂಗನ್ನಷ್ಟೇ ಒಳಗಿಟ್ಟು ಮಲಗುತ್ತಿತ್ತು. ಈ ಮನೆಯಲ್ಲಿ ಎರಡು ಸಲ ಹೇಳಿದರೆ ಅರ್ಥವಾಗುವ ಜೀವ ಅದೊಂದೇ ಅಂತ ರುದ್ರನಿಗೆ ಅನ್ನಿಸತೊಡಗಿತ್ತು.

ಹುಳು ಇರುವಷ್ಟು ದಿನ ಆ ಮನೆಗೆ ಒಂದು ಕಟ್ಟು. ಸೊಳ್ಳೆ ಬತ್ತಿ ಹಚ್ಚುವಂತಿಲ್ಲ, ತಿಗಣೆಗೆ ಇರುವೆಗೆ ಅಂತ ಏನನ್ನೂ ಹೊಡೆಯುವಂತಿಲ್ಲ, ಅಂಥದ್ದನ್ನು ಮುಟ್ಟಿದ ಕೈಯಲ್ಲಿ ಸೊಪ್ಪು ಮುಟ್ಟುವಂತಿಲ್ಲ. ಹೆಂಗಸರು ಮಕ್ಕಳು ಬೆಳಗಾಗುವವರೆಗೂ ಸೊಳ್ಳೆ ಕಚ್ಚಿಸಿಕೊಂಡು ಮಲಗುತ್ತಿದ್ದರು. ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಆ ಮನೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಉದಯಶಂಕರನೂ ಆ ಮನೆಯಲ್ಲೇ ಹುಟ್ಟಿದ್ದು.

ಯುಗಾದಿಗೆ ಒಂದು ವಾರ ಇರುವಾಗ ಊಟದ ಹೊತ್ತಿನಲ್ಲಿ ಅವನು ಸುದ್ದಿ ಹೇಳಿದ. “ಹಬ್ಬಕ್ಕೆ ಸಾರ್ ಊಟಕ್ಕೆ ಬತ್ತಾರೆ. ಬ್ರೂನೋನ ನೋಡ್ಬೇಕಂತೆ.”

“ನೋಡ್ಕೊಂಡು ಕರ್ಕೊಂಡೂ ಹೋಗ್ಲಿ” ಅಂದಳು ಯಶೋಧಾ, ಸಾರು ಬಡಿಸುತ್ತ.

“ಬಾಯಿ ಮುಚ್ಚು. ಎಂಥ ದೊಡ್ಡ ಮನುಷ್ಯ! ಅಂಥೋರು ನಮ್ಮನೇಲಿ ಉಂಡ್ರೆ ನಾಳೆ ನಂಗೆ ಎಷ್ಟು ಬಾಗಿಲು ತೆಗೀತವೆ ಗೊತ್ತಾ?”

“ಬಾಗಿಲು ತೆಗೆಯೋದು ಇರ್ಲಿ, ಮೈ ತುಂಬ ಉಣ್ಣಿ ಆಗವೆ ಅದಕ್ಕೆ. ಕಿವಿ ಒಳಗೆ ನೋಡಿದ್ರಾ? ಕಡಲೆಕಾಳಿನಂಗೆ ಅಂಟ್ಕೊಂಡವೆ.”

ಉದಯಶಂಕರ್ ತುತ್ತು ನಿಲ್ಲಿಸಿದ. ಸಾರ್ ನಾಯಿಯ ಕಿವಿ ಮುಟ್ಟಿ, ಉಣ್ಣಿ ಕೈಗೆ ಸಿಕ್ಕಿದ ಚಿತ್ರ ಅವನ ಕಣ್ಣ ಮುಂದೆ ಬಂದಿರಬೇಕು. “ಪೌಡರ್ ಹಾಕಿದ್ರಾಯ್ತು.”

ರುದ್ರ ತಟ್ಟೆಯಿಂದ ತಲೆಯೆತ್ತಿದ. ಆ ದಿನ ಅಪರೂಪಕ್ಕೆ ಒಳಗೆ ಉಣ್ಣಲು ಬಂದಿದ್ದ. “ಹುಳು ಹಣ್ಣಾಗೋಗಂಟ ಹಂಗೇನಾರ ತಂದ್ರೆ ನೋಡು. ಕೈಯಲ್ಲಿ ಕೀಳಾಣ. ನಾನೂ ಸ್ಪಂದನಾನೂ ಕೀಳ್ತೀವಿ.”

“ಆಯ್ತು ಬುಡಪ್ಪ, ನಿನ್ ಹುಳ ನಿನ್ ದೇವ್ರು” ಅಂದ ಉದಯಶಂಕರ್.

ಆ ‘ಆಯ್ತು’ ಅನ್ನು ಎಲ್ಲರೂ ಕೇಳಿಸಿಕೊಂಡರು.

ಮರುದಿನ ಮಧ್ಯಾಹ್ನ ರುದ್ರ ತೋಟಕ್ಕೆ ಸೊಪ್ಪು ಕುಯ್ಯಲು ಹೋಗಿದ್ದ. ಹೆಂಗಸರಿಬ್ಬರೂ ಹಬ್ಬದ ಬೇಳೆ ಬೆಲ್ಲಕ್ಕೆ ಸಂತೆಗೆ ಹೋಗಿದ್ದರು. ಉದಯಶಂಕರ್ ಅಂಗಡಿಯಿಂದ ಬಂದ, ಜೇಬಿನಿಂದ ಡಬ್ಬಿ ತೆಗೆದ, ಅಂಗಳದಲ್ಲಿ ಮಲಗಿದ್ದ ನಾಯಿಗೆ ಉಣ್ಣಿ ಪುಡಿಯನ್ನು ತಲೆಯಿಂದ ಬಾಲದವರೆಗೂ, ಇಡ್ಲಿಗೆ ಚಟ್ನಿಪುಡಿ ಉದುರಿಸಿದ ಹಾಗೆ ಧಾರಾಳವಾಗಿ ಉದುರಿಸಿದ. ಡಬ್ಬಿಯನ್ನು ಬೇಲಿಯಾಚೆ ಎಸೆದು, ಕೈ ತೊಳೆದು, ಮೇಲೆ ಹೋಗಿ ಏಸಿ ಹಾಕಿಕೊಂಡು ಮಲಗಿದ. ಇಷ್ಟೆಲ್ಲ ಆಮೇಲೆ ಪರಮಶಿವಯ್ಯನ ಬಾಯಿಂದಲೇ ಹೊರಬಂತು. ಅವನು ಜಗಲಿಯಲ್ಲಿ ಕೂತು ನೋಡುತ್ತಲೇ ಇದ್ದ.

ಪುಡಿಯ ಉರಿಗೋ, ಬಿಸಿಲಿನ ಉರಿಗೋ, ನಾಯಿ ತಂಪು ಹುಡುಕಿಕೊಂಡು ಹೋಯಿತು. ಹುಳುಮನೆಯ ಬಾಗಿಲು ಹಾಕಿತ್ತು. ಪಕ್ಕದಲ್ಲಿ ಸೊಪ್ಪಿನ ಮೂಲೆ. ಬೆಳಿಗ್ಗೆ ಕುಯ್ದ ಸೊಪ್ಪನ್ನು ಬಾಡದ ಹಾಗೆ ಒದ್ದೆ ಗೋಣಿತಾಟಿನಡಿ ರಾಶಿ ಹಾಕಿದ್ದ ಜಾಗ. ಅದಕ್ಕೆ ತಡಿಕೆ ಬಾಗಿಲು. ಆ ಮೈಯ ಭಾರಕ್ಕೆ ತಡಿಕೆ ಯಾವ ಲೆಕ್ಕ! ಒರಗಿತು, ಬಿತ್ತು. ನಾಯಿ ತಾಟನ್ನು ಕೆದರಿ, ತಣ್ಣನೆ ಸೊಪ್ಪಿನ ಹಾಸಿಗೆಯ ಮೇಲೆ ಬೆನ್ನು ಉಜ್ಜಿ ಉಜ್ಜಿ ಉರುಳಾಡಿ, ಸಾಕಾದ ಮೇಲೆ ಎದ್ದು ಬಾವಿಕಟ್ಟೆಯ ನೆರಳಿಗೆ ಹೋಗಿ ಮಲಗಿತು.

ತೋಟದಿಂದ ಬಂದ ರುದ್ರ ಕಂಡಿದ್ದು ಮುರಿದ ತಡಿಕೆ. ನಾಯಿಗೆ ಬೈದುಕೊಂಡ, ತಾಟು ಸರಿಮಾಡಿದ, ಸಂಜೆಯ ಮೇವಿಗೆ ಆ ಸೊಪ್ಪನ್ನೇ ಹಾಕಿದ.

ಬೆಳಿಗ್ಗೆ ಹುಳುಮನೆಯಲ್ಲಿ ಮಳೆಯ ಸದ್ದಿರಲಿಲ್ಲ.

ಬಾಗಿಲು ತೆಗೆದರೆ ಹುಳುಗಳೆಲ್ಲ ತಲೆಯೆತ್ತಿ ಅತ್ತ ಇತ್ತ ಆಡಿಸುತ್ತಿದ್ದವು. ಬಾಯಿಂದ ಹಸಿರು ನೀರು ಕಕ್ಕುತ್ತಿದ್ದವು. ಕೆಲವು ಆಗಲೇ ಮೈ ಕುಗ್ಗಿಸಿಕೊಂಡು ಕೊಂಡಿಯ ಹಾಗೆ ಮುದುಡಿದ್ದವು. ರುದ್ರ ಒಂದನ್ನು ಅಂಗೈಯಲ್ಲಿಟ್ಟುಕೊಂಡ. ಅದು ಕಕ್ಕಿ, ಸುರುಳಿಯಾಗಿ, ಸುಮ್ಮನಾಯಿತು. ಅವನು ಉಳಿದ ಸೊಪ್ಪನ್ನು ಮೂಸಿದ. ಬಾವಿಕಟ್ಟೆಗೆ ಹೋಗಿ ನಾಯಿಯ ಕತ್ತಿನ ಕೂದಲಲ್ಲಿ ಮೂಗಿಟ್ಟು ಮೂಸಿದ. ಬೆರಳು ಒಳಗಾಡಿಸಿದರೆ ಬೆಳ್ಳಗೆ ಪುಡಿ.

*

“ಬಾಗಿಲು ಸರಿಯಾಗಿ ಹಾಕ್ಕೊಳ್ಳೋಕೆ ನಿಂಗೇನಾಗಿತ್ತು?” ಇದು ಉದಯಶಂಕರ್ ಆಡಿದ ಮೊದಲ ಮಾತು. ಮೇಲಿನ ಮೆಟ್ಟಿಲಿನಲ್ಲಿ ಟವಲ್ಲು ಸುತ್ತಿಕೊಂಡು ನಿಂತಿದ್ದ.

“ಪುಡಿ ಹಾಕಿದ್ಯಾ ಇಲ್ವಾ?”

“ಒಸಿ ಹಾಕ್ದೆ. ನಾಯಿಗೆ ಹಾಕಿದ್ದು, ಹುಳಕ್ಕೆ ಹಾಕ್ಲಿಲ್ಲ.”

“ಆಯ್ತು ಅಂದ್ಯಲ್ಲ ಮೊನ್ನೆ? ಅನ್ನದ ತಟ್ಟೆ ಮುಂದೆ ಕೂತು ಅಂದ್ಯಲ್ಲ?”

“ಏನೋ ಪ್ರಾಣ ಹೋದಂಗೆ ಆಡ್ತಾ ಅವ್ನೆ. ಹುಳ ತಾನೆ? ನೀನು ಗೂಡು ಆದ್ಮೇಲೆ ಹೆಂಗೂ ಬೇಯಿಸೋಕೇ ಮಾರ್ತೀಯ!”

ರುದ್ರ ಮೂರು ಮೆಟ್ಟಿಲು ಒಂದೇ ಸಲಕ್ಕೆ ಹತ್ತಿದ. ದ್ರಾಕ್ಷಾಯಿಣಿ ಹಿಂದಿನಿಂದ ಅಂಗಿ ಹಿಡಿದುಕೊಂಡಳು. ಅಂಗಿ ಹರಿಯಿತು, ಅವಳು ಬಿಡಲಿಲ್ಲ.

“ಬ್ಯಾಡ ಕಣಪ್ಪ. ಹಬ್ಬ ಬತ್ತಾ ಐತೆ.”

“ಅಪ್ಪ, ನೀನು ಅಲ್ಲೇ ಕೂತಿದ್ಯಲ್ಲ” ಅಂದ ರುದ್ರ ಜಗಲಿಯ ಕಡೆ ತಿರುಗಿ. “ಬಾಯಿಗೆ ಏನು ಲಿಂಗ ಕಟ್ಟಿದ್ರಾ?”

ಪರಮಶಿವಯ್ಯ ಕೆಮ್ಮಿದ. “ಅವನು ಏನೋ ಗಂಧದ ಪುಡಿ ಹಾಕ್ತಾ ಅವ್ನೆ ಅಂದ್ಕೊಂಡೆ. ಎಲ್ಲಾ ಹಣೇಬರಹ. ಶಿವ ಕೊಟ್ಟ, ಶಿವ ತಗೊಂಡ.”

“ತಗೊಂಡಿದ್ದು ಶಿವ ಅಲ್ಲ” ಅಂದಳು ಯಶೋಧಾ, ಅಡುಗೆಮನೆಯ ಬಾಗಿಲಲ್ಲಿ ನಿಂತು. ಮದುವೆಯಾಗಿ ಬಂದಾಗಿನಿಂದ ಮಾವನಿಗೆ ಎದುರು ಮಾತಾಡಿದ್ದು ಅದೇ ಮೊದಲು. “ಮೇಲಿನ ರೂಮಲ್ಲಿ ಮಲಗೋನು.”

ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ರುದ್ರ ಹಿತ್ತಿಲಲ್ಲಿ ಗುಂಡಿ ತೋಡಿದ. ಸ್ಪಂದನಾ ಮಂಕರಿಯಲ್ಲಿ ತಂದು ತಂದು ಕೊಟ್ಟಳು, ಅಳುತ್ತಲೇ. ಸುಣ್ಣ ಹಾಕಿ ಮುಚ್ಚಿದರು. ಆಮೇಲೆ ರುದ್ರ ನಾಯಿಯನ್ನು ಬಾವಿಕಟ್ಟೆಗೆ ಕಟ್ಟಿ, ಸೋಪು ಹಾಕಿ, ಬಿಂದಿಗೆ ಬಿಂದಿಗೆ ನೀರು ಸುರಿದು ತೊಳೆದ. ಕೋಪಕ್ಕೆ ಕೈ ಜೋರಾಗಿಯೇ ಬೀಳುತ್ತಿತ್ತು. ನಾಯಿ ಅದನ್ನೂ ಸೇವೆಯೆಂದೇ ತಿಳಿದು ಕಣ್ಣು ಮುಚ್ಚಿ ನಿಂತಿತ್ತು.

“ನೋಡು ಹೆಂಗೆ ನಿಂತೈತೆ, ಮಜ್ಜನದ ಬಸವಣ್ಣನಂಗೆ” ಅಂದಳು ಕಾಂಪೌಂಡಿನಾಚೆಯಿಂದ ಅಮೀರುನ್ನೀಸಾ. ಆಮೇಲೆ ನಗಲಿಲ್ಲ. “ಎಲ್ಲಾನೂ ಹೋಯ್ತಾ ರುದ್ರಾ?”

“ಎಲ್ಲಾನೂ.”

ಅವಳು ಮೊಟ್ಟೆ ಬೇಯಿಸಿ ತಂದಿದ್ದಳು. ಆ ದಿನ ಇವನೇ ಕಾಂಪೌಂಡಿನ ಹತ್ತಿರ ಹೋಗಿ, ಲಿಂಗ ಕಟ್ಟಿದ ಎದೆಯ ಮುಂದೆ ಅಂಗೈ ಚಾಚಿ, ಈಸಿಕೊಂಡು ನಾಯಿಗೆ ತಿನ್ನಿಸಿದ. ಒಳಗಿನಿಂದ ಪರಮಶಿವಯ್ಯ ನೋಡಿದ. ನೋಡಿ ಜಗಲಿಗೆ ಹೋಗಿ ಕೂತ.

*

ಯುಗಾದಿಯ ದಿನ ಸಾರ್ ಬಂದರು. ದೊಡ್ಡ ಕಾರು, ಸಣ್ಣ ಮನುಷ್ಯ. ಬೇವುಬೆಲ್ಲದಲ್ಲಿ ಬೇವನ್ನು ಬೆರಳಿನಿಂದ ಬೇರೆ ಮಾಡಿ ಬೆಲ್ಲವನ್ನಷ್ಟೇ ಬಾಯಿಗೆ ಹಾಕಿಕೊಂಡರು. ಉದಯಶಂಕರ್ ಅವರ ಮುಂದೆ ನೆಟ್ಟಗೆ ನಿಲ್ಲುವುದನ್ನೇ ಮರೆತವನಾಗಿದ್ದ. ಬಗ್ಗಿ ಮಣೆ ಹಾಕಿದ, ಬಗ್ಗಿ ಎಲೆ ಹಾಸಿದ, ಬಗ್ಗಿ ಹೋಳಿಗೆಗೆ ತುಪ್ಪ ಬಿಟ್ಟ. ಕಟ್ಟಿಕೊಂಡವಳಿಗೆ ಒಂದು ಲೋಟ ನೀರು ಕೊಟ್ಟ ಕೈಯಲ್ಲ ಅದು.

ನಾಯಿಯನ್ನು ನಡುಮನೆಗೆ ಕರೆತಂದರು. ಕುತ್ತಿಗೆಗೆ ಸೇವಂತಿಗೆ ಹಾರ, ಹಣೆಗೆ ವಿಭೂತಿ. ಸಾರ್ ಎಡಗೈ ಚಾಚಿ, “ಹಾಯ್ ಟೈಸನ್!” ಅಂದರು.

“ಬ್ರೂನೋ” ಅಂದಳು ಸ್ಪಂದನಾ.

“ಹಾಂ, ಬ್ರೂನೋ. ಟೈಸನ್ ಮುಂಚೆ ಇದ್ದಿದ್ದು. ಸತ್ತೋಯ್ತು.”

ನಾಯಿ ಸಾರ್ ಕೈಯನ್ನು ಮೂಸಲೂ ಇಲ್ಲ. ರುದ್ರನ ಕಾಲ ಮೇಲೆ ತಲೆಯಿಟ್ಟು ಮಲಗಿತು.

“ಹೆಂಗಿದೆ, ಹೊಂದ್ಕೊಂಡಿದ್ಯಾ?” ಅಂದರು ಸಾರ್, ಎರಡನೇ ಹೋಳಿಗೆ ಮುರಿಯುತ್ತ.

“ಅಯ್ಯೋ ಸಾರ್, ಮನೆ ಮಗ ಆಗೋಗೈತೆ!” ಅಂದ ಉದಯಶಂಕರ್. “ಹಿಂದೆ ಒಂದು ಕೂಲ್ ರೂಮ್ ಬೇರೆ ಖಾಲಿ ಆಗೈತೆ ಈಗ. ಇವತ್ತಿನಿಂದ ಅಲ್ಲೇ. ಅಲ್ವಾ ಅಪ್ಪಾಜಿ? ಬೆಳೆ ಕೆಟ್ರೆ ನಾಯಿಗೆ ಅಂತ ನೀವೇ ಹೇಳಿದ್ರಲ್ಲ?”

ಪರಮಶಿವಯ್ಯ ಎಲೆಯ ಮೇಲಿನ ಕೋಸಂಬರಿಯನ್ನು ಬೆರಳಿನಿಂದ ಆಡಿಸಿದ. “ಮಾತು ಅಂದ್ಮೇಲೆ ಮಾತು…” ಅಂದ, ಯಾರ ಮುಖವನ್ನೂ ನೋಡದೆ.

ಬೆಳೆ ಹೇಗೆ ಕೆಟ್ಟಿತು ಅನ್ನುವುದು ಆ ಎಲೆಗಳ ಮುಂದೆ ಯಾರಿಗೂ ಬೇಡವಾಗಿತ್ತು.

“ವೆರಿ ಗುಡ್” ಅಂದರು ಸಾರ್. “ಹಂಗಾದ್ರೆ ಒಂದು ಕೆಲಸ ಮಾಡ್ತೀನಿ. ಇದರ ಜೋಡಿ ಇನ್ನೊಂದಿದೆ, ಹೆಣ್ಣು. ಅದನ್ನೂ ಕಳಿಸಿಬಿಡ್ತೀನಿ. ನಮ್ಮ ವಾಚ್‌ಮನ್ ನೋಡ್ಕೊಳ್ಳಲ್ಲ ಅಂತ ಗಲಾಟೆ ಮಾಡ್ತಾನೆ, ಪಾಪ.”

ಉದಯಶಂಕರನ ಮುಖದಲ್ಲಿ ನಗು ಹಾಗೇ ನಿಂತಿತು, ಕರೆಂಟು ಹೋದಾಗ ಫ್ಯಾನು ನಿಲ್ಲುವ ಹಾಗೆ ನಿಧಾನಕ್ಕೆ. ಬೇಡ ಅನ್ನಲು ಬಾಯಿ ತೆರೆದ. ದೊಡ್ಡವರ ಮುಂದೆ ಆ ಪದ ಅವನ ಬಾಯಲ್ಲಿ ಯಾವತ್ತೂ ಹುಟ್ಟಿದ್ದಿಲ್ಲ. “ಅದು… ಸಾರ್… ತಮ್ಮ ಇಷ್ಟ…” ಅಂದ.

“ಕಳಿಸಿ ಸಾರ್” ಅಂದ ರುದ್ರ. ಎಲ್ಲರೂ ತಿರುಗಿ ನೋಡಿದರು. “ಜಾಗ ಐತೆ.”

ಎಂಜಲು ಕೈ ತೊಳೆದುಕೊಂಡು ಬಂದ. ನಾಯಿಯ ಪಟ್ಟಿ ಹಿಡಿದು, “ಬಾರಪ್ಪ ಬೂರಣ್ಣ” ಅಂದ. ಅದು ಎದ್ದಿತು. ಮೆಟ್ಟಿಲ ಬುಡದಲ್ಲಿ ಒಂದು ಗಳಿಗೆ ಅನುಮಾನಿಸಿತು. ರುದ್ರ ಹಿಂದಿನಿಂದ ಹೆಗಲು ಕೊಟ್ಟ. ಒಂದೊಂದೇ ಮೆಟ್ಟಿಲು, ಧಡ್ ಧಡ್ ಅಂತ, ಇಬ್ಬರೂ ಮೇಲೆ ಹೋದರು.

“ಲೇ! ಎಲ್ಲಿಗ್ಲಾ?” ಉದಯಶಂಕರ್ ತುಪ್ಪದ ಗಿಂಡಿ ಹಿಡಿದೇ ಕೂಗಿದ. “ಯಶೋಧಾ, ತಡಿಯೇ ಅವನ್ನ!”

ಯಶೋಧಾ ಆಗಲೇ ಮೆಟ್ಟಿಲು ಹತ್ತಿದ್ದಳು. ಮೇಲಿನ ರೂಮಿನ ಬಾಗಿಲು ತೆಗೆದು, ಪಕ್ಕಕ್ಕೆ ಸರಿದು ನಿಂತು, ಗೋಡೆಯ ಮೇಲಿನ ಸ್ವಿಚ್ ಒತ್ತಿದಳು. ಏಸಿ ಗುರ್ರೆಂದಿತು. ಆ ತಣ್ಣನೆ ಗಾಳಿ ಮೂಗಿಗೆ ತಾಕಿದ್ದೇ ನಾಯಿ ರುದ್ರನ ಕೈ ಬಿಡಿಸಿಕೊಂಡಿತು. ಮಂಚ ಹತ್ತಿತು. ಎರಡು ಸುತ್ತು ಸುತ್ತಿ, ಉದಯಶಂಕರನ ದಿಂಬಿನ ಮೇಲೆ ಜೊಲ್ಲು ಸುರಿಯುವ ಬಾಯಿಯಿಟ್ಟು, ಬಂದಾಗಿನಿಂದ ಮೊದಲ ಸಲ ಮನಸಾರೆ ಮೈ ಚೆಲ್ಲಿತು. ಮಂಚದ ಒಂದು ಪಟ್ಟಿ ಲಟಕ್ಕೆಂದಿತು.

ಕೆಳಗೆ ಬಂದು ರುದ್ರ ಸಾರ್‌ಗೆ ಕೈಮುಗಿದ. “ಇನ್ನೊಂದನ್ನೂ ಕಳಿಸಿ ಸಾರ್. ಡಬಲ್ ಕಾಟ್ ಮಂಚ.”

ಸಾರ್ ನಗುವುದೋ ಬೇಡವೋ ಗೊತ್ತಾಗದೆ ಉದಯಶಂಕರನ ಮುಖ ನೋಡಿದರು. ಆಗ ಕಡೆಗೂ ಬಂತು ಅವನ ಬಾಯಿಗೆ, ನೆಟ್ಟಗೆ ನಿಂತು, ಊರಿಗೆ ಕೇಳುವ ಹಾಗೆ: “ಆಗಲ್ಲ ಸಾರ್! ಇಷ್ಟು ದೊಡ್ಡ ನಾಯಿ ನಮ್ಮನೆಗೆ ಹೊಂದಲ್ಲ! ಇದನ್ನೂ ಕರ್ಕೊಂಡೋಗಿ!”

“ಮನೆ ಮಗ ಅಂದ್ರಿ?” ಅಂದರು ಸಾರ್. ಕೈ ತೊಳೆದುಕೊಂಡರು, ಎಲೆಯಡಿಕೆಯನ್ನೂ ಮುಟ್ಟದೆ ಕಾರು ಹತ್ತಿದರು. ನಾಯಿಯನ್ನು ಕರೆದೊಯ್ಯಲಿಲ್ಲ. ಅದನ್ನು ಕರೆದೊಯ್ಯುವ ಯೋಚನೆ ಅವರಿಗೆ ಯಾವತ್ತೂ ಇರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಯಶೋಧಾ ತನ್ನ ಮತ್ತು ಮಗಳ ಹಾಸಿಗೆಯನ್ನು ಅತ್ತೆಯ ಕೋಣೆಗೆ ಸಾಗಿಸಿದ್ದಳು. ಉದಯಶಂಕರ್ ಮೂರು ಸಲ ಮೇಲೆ ಹೋಗಿ ಮೂರು ಸಲವೂ ಕೆಳಗೆ ಬಂದ. ಎಳೆದರೆ ಅದು ಏಳಲಿಲ್ಲ, ಏಸಿ ಆರಿಸಿದರೆ ಎದ್ದು ನಿಂತು ಅವನ ಮುಖ ನೋಡಿ ಎದೆಯಾಳದಿಂದ ಒಂದೇ ಒಂದು ಸಲ ಬೊಗಳಿತಂತೆ. ಅವನೇ ಮತ್ತೆ ಸ್ವಿಚ್ ಹಾಕಿ ಬಂದ. ದ್ರಾಕ್ಷಾಯಿಣಿ ತಪ್ಪಲೆ ತುಂಬ ಮೊಸರನ್ನ ಕಲಸಿ ಅವನ ಕೈಗೆ ಕೊಟ್ಟಳು. “ನಂಗೆ ಮೆಟ್ಟಿಲು ಹತ್ತಕ್ಕಾಗ್ದು. ನಿನ್ ನಾಯಿ, ನೀನೇ ಇಕ್ಕು.” ಅವನು ತಪ್ಪಲೆ ಹೊತ್ತು ಹತ್ತಿದ. ಇಳಿದಾಗ ಹಬ್ಬದ ಅಂಗಿಯ ತುಂಬ ಮೊಸರು.

ರುದ್ರ ಹುಳುಮನೆಯ ನೆಲಕ್ಕೆ ಬ್ಲೀಚಿಂಗ್ ಪುಡಿ ಕಲಸಿದ ನೀರು ಹೊಡೆದು ಉಜ್ಜುತ್ತಿದ್ದ. ಗೋಡೆಗೆ ಹೊಸ ಸುಣ್ಣ. ಪರಮಶಿವಯ್ಯ ಹಿತ್ತಿಲ ಬಾಗಿಲವರೆಗೂ ಬಂದ, ಏನೋ ಹೇಳಲು ಗಂಟಲು ಸರಿಮಾಡಿಕೊಂಡ. ರುದ್ರ ಪೊರಕೆ ನಿಲ್ಲಿಸಲಿಲ್ಲ. ಮುದುಕ ವಾಪಸು ಹೋದ.

ಜಗಲಿಯಲ್ಲಿ ಉದಯಶಂಕರ್ ಚಾಪೆ ಹಾಸಿಕೊಂಡು ಕೂತು ಕೈಗೆ ಕಾಲಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದ.

“ಅವ್ವಾ! ಒಂದು ಸೊಳ್ಳೆ ಬತ್ತಿ ಹಚ್ಚು!”

ದ್ರಾಕ್ಷಾಯಿಣಿ ಒಳಗಿನಿಂದ ಹೊರಗೆ ಬರಲೂ ಇಲ್ಲ.

“ಆಗಕಿಲ್ಲ ಕಣಪ್ಪ” ಅಂದಳು. “ಚಾಕಿ ಬತ್ತದೆ.”